ತೊಟ್ಟಿಲಿಗೆ ಬಂದ ತಾತ

ನಮ್ಮ ತಾತ ಸಾಯುವ ಮುಂಚೆ ಒಂದು ಮಾತು ಹೇಳಿ ಸತ್ತರು. ಅದನ್ನು ಹೇಳದೆ ಸತ್ತಿದ್ದರೆ ನಮ್ಮವ್ವನಿಗೆ ಅರ್ಧ ಕಷ್ಟ ತಪ್ಪುತ್ತಿತ್ತು.

ಹೇಳಿದ್ದು ಅಜ್ಜಿಗೆ. "ಅಳಬ್ಯಾಡ ಕಣೇ, ನಾನೆಲ್ಲಿಗೂ ಹೋಗಾಕಿಲ್ಲ. ಇದೇ ಮನೇಲಿ ಹುಟ್ಟಿ ಬತ್ತೀನಿ" ಅಂದರಂತೆ. ಆಮೇಲೆ ನೀರು ಕೇಳಿದರಂತೆ. ಅಜ್ಜಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನೀರು ಕುಡಿದು ಸಾವಕಾಶವಾಗಿ ಹೋಗಿದ್ದರೆ, ಬರುವುದು ಯಾವಾಗ ಅಂತ ಒಂದು ಮಾತು ಕೇಳಿಕೊಳ್ಳಬಹುದಿತ್ತು ಎಂದು ಅಜ್ಜಿ ಆಗಾಗ ಪೇಚಾಡುತ್ತಿದ್ದಳು. ಅವತ್ತಿನಿಂದ ದಿನಾ ಸಂಜೆ ಹೊಸಿಲ ಹೊರಗೆ ಒಂದು ಚೊಂಬು ನೀರು ಇಡುತ್ತಿದ್ದಳು. ಬಾಯಾರಿ ಹೋದವರು ಬಾಯಾರಿಕೊಂಡೇ ಬರುತ್ತಾರಲ್ಲ. ಆ ನೀರನ್ನು ಬೀದಿನಾಯಿ ಕುಡಿದು ಹೋಗುತ್ತಿದ್ದದ್ದು ಇಡೀ ಊರಿಗೇ ಗೊತ್ತಿತ್ತು.

ಯಾರ ಹೊಟ್ಟೆಯಲ್ಲಿ ಬರುತ್ತಾರೆ ಎಂದು ಕೇಳುವ ಅಗತ್ಯ ಮಾತ್ರ ಇರಲಿಲ್ಲ. ಮನೆಯಲ್ಲಿ ಹೆರುವವಳು ಒಬ್ಬಳೇ, ನಮ್ಮವ್ವ. ನಮ್ಮೂರಿಗೆ ಮಿಡಿಗೇಶಿ ಕೋಟೆ ಬೆಟ್ಟ ಕಾಣುವಷ್ಟು ಹತ್ತಿರ; ಅವ್ವ ಪಾವಗಡದ ಕಡೆಯಿಂದ ಬಂದವಳು. ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದಳು, ಸಿಟ್ಟು ಬಂದಾಗ ಒಲೆಯ ಜೊತೆ ತೆಲುಗು ಮಾತಾಡುತ್ತಿದ್ದಳು. ಅಪ್ಪ ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ. ಎತ್ತುಗಳ ಎದುರು ಧಾರಾಳವಾಗಿ ಬಾಯಿ ಬಿಡುತ್ತಿದ್ದವನು ಮನುಷ್ಯರ ಎದುರು ಬಾಯಿ ಮುಚ್ಚಿಕೊಂಡಿರುತ್ತಿದ್ದ.

ತಾತ ಹೋದಾಗ ನಾನು ಅವ್ವನ ಸೊಂಟದ ಮೇಲಿದ್ದೆನಂತೆ. ಆಮೇಲೆ ಒಬ್ಬಳು ತಂಗಿ ಹುಟ್ಟಿದಳು. ಅಜ್ಜಿ ಕೂಸಿಗೆ ನೀರು ಹಾಕುವಾಗ ಮೈಯೆಲ್ಲ ತಡವಿ ನೋಡಿದಳು. ತಾತನಿಗೆ ಪ್ರಾಯದಲ್ಲಿ ಎತ್ತು ಹಾಯ್ದು ಗಾಯವಾಗಿ, ಅದರ ಗುಳಿ ಸಾಯುವ ತನಕ ಉಳಿದಿತ್ತಂತೆ. ಅವರೇ ಹುಟ್ಟಿ ಬಂದರೆ ಆ ಗುಳಿಯೂ ಜೊತೆಗೇ ಬರಬೇಕು ಎನ್ನುವುದು ಅಜ್ಜಿಯ ಲೆಕ್ಕ. "ಹೆಣ್ಣುಕೂಸಲ್ಲಿ ಏನು ಹುಡುಕ್ತೀಯವ್ವ?" ಎಂದು ಅಪ್ಪ ಕೇಳಿದರೆ, "ಆ ಮನುಷ್ಯನ್ನ ನಂಬಾಕಾಗಾಕಿಲ್ಲ ಕಣ್ಲಾ, ಹೆಂಗೆ ಬೇಕಾದ್ರೂ ಬತ್ತಾರೆ" ಎಂದಳು. ಗುಳಿ ಸಿಗಲಿಲ್ಲ. "ಇವ್ರಲ್ಲ" ಎಂದು ಕೂಸನ್ನು ಅವ್ವನ ಕೈಗೆ ಕೊಟ್ಟಳು.

ಅದಾದ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು, ಮಗದೊಬ್ಬಳು. ಒಬ್ಬೊಬ್ಬಳನ್ನೂ ಅಜ್ಜಿ ತಡವಿದಳು, "ಇವ್ರಲ್ಲ" ಎಂದಳು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಈ ಲೋಕದಲ್ಲಿ ಕೇಳಿದ ಮೊದಲ ಮಾತು ಅದೇ. ನಾನೊಬ್ಬಳು ತಾತ ಬದುಕಿದ್ದಾಗಲೇ ಹುಟ್ಟಿದ್ದರಿಂದ ಬಚಾವಾಗಿದ್ದೆ.

ಆರನೆಯವಳು ನಮ್ಮ ಕಡೆಯ ತಂಗಿ. ಅವಳು ಹುಟ್ಟುವಾಗ ಸೂಲಗಿತ್ತಿ ಕೈಚೆಲ್ಲಿದಳು. ಕೂಸು ಹೊರಗೆ ಬಂದಿತ್ತು, ಅವ್ವನ ರಕ್ತ ನಿಲ್ಲಲಿಲ್ಲ. ಅಪ್ಪ ಗಾಡಿಗೆ ಹುಲ್ಲು ಹಾಸಿ ಅವ್ವನನ್ನು ಮಲಗಿಸಿ ಮಧುಗಿರಿಗೆ ಹೊಡೆದ. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವ್ವನ ಕಾಲ ಹತ್ತಿರ ಕೂತಿದ್ದೆ. ನನಗಾಗಲೇ ಮದುವೆಯ ಮಾತು ನಡೆಯುತ್ತಿದ್ದ ವಯಸ್ಸು, ತಿಳಿವಳಿಕೆ ಇತ್ತು. ದಾರಿಯುದ್ದಕ್ಕೂ ಅವ್ವನ ಪಾದ ತಣ್ಣಗಾಗುವುದನ್ನು ಕೈಯಿಟ್ಟು ನೋಡುತ್ತಿದ್ದೆ, ಉಜ್ಜುತ್ತಿದ್ದೆ. ಆ ದಾರಿ ನೆನಪಾದರೆ ಈಗಲೂ ನನಗೆ ತಾತನ ಮೇಲೆ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ಬದುಕಿದ್ದವರು ಯಾರೂ ಆ ಸಿಟ್ಟಿಗೆ ಸಿಗಲಿಲ್ಲ, ಏನು ಮಾಡಲಿ?

ಆಸ್ಪತ್ರೆಯ ಲೇಡಿ ಡಾಕ್ಟರು ಬೆಂಗಳೂರಿನ ಕಡೆಯವರು. ಯಾರ ಮುಖ ನೋಡಿಯೂ ನಗದ ಹೆಂಗಸು. ಅವ್ವನನ್ನು ಉಳಿಸಿದವರು ಅವರೇ. ಮನೆಗೆ ಕಳಿಸುವ ದಿನ ಅಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಇನ್ನೊಂದು ಹೆರಿಗೆಯಾದರೆ ಈಕೆ ಉಳಿಯೋದಿಲ್ಲ. ಗೊತ್ತಾಯಿತೇ?"

"ಗೊತ್ತಾಯ್ತು ಡಾಕ್ಟ್ರಮ್ಮ."

"ಏನು ಗೊತ್ತಾಯಿತು?"

"ಉಳಿಯಾಕಿಲ್ಲ ಅಂತ."

"ಅದಕ್ಕೆ ಏನು ಮಾಡುತ್ತೀಯ?"

ಅಪ್ಪ ಮೇಲೆ ನೋಡಿ, "ದೇವ್ರವ್ನೆ" ಎಂದ.

"ದೇವರು ನಿನ್ನ ಮನೆಯಲ್ಲಿ ಮಲಗೋದಿಲ್ಲ. ನೀನು ಮಲಗುತ್ತೀಯ" ಎಂದರು ಡಾಕ್ಟರು. ಅಪ್ಪ ಹೊರಗೆ ಕಟ್ಟಿದ್ದ ಎತ್ತುಗಳ ಕಡೆ ನೋಡಿದ. ಅವು ಕೂಡ ಸಹಾಯಕ್ಕೆ ಬರಲಿಲ್ಲ.

ಆಮೇಲೆ ಡಾಕ್ಟರು ಅವ್ವನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಏನೋ ಹೇಳಿಕೊಟ್ಟರು. ಹೊರಗೆ ಬರುವಾಗ ಅವ್ವನ ಸೊಂಟದಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ ಇತ್ತು. ಒಳಗಿದ್ದದ್ದು ರಬ್ಬರಿನ ಸಾಮಾನು, ಬಸಿರು ತಡೆಯುವಂಥದ್ದು ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಇದನ್ನೆಲ್ಲ ಮಹಾರಾಜರ ಸರ್ಕಾರವೇ ಹೇಳಿಕೊಡುತ್ತದೆ, ನಾಚಿಕೊಳ್ಳಬೇಡ ಎಂದು ಡಾಕ್ಟರು ಹೇಳಿದರಂತೆ. ಗಾಡಿಯಲ್ಲಿ ಅವ್ವ ಈ ಮಾತನ್ನು ಅಪ್ಪನಿಗೆ ಹೇಳಿದಳು. ಅಪ್ಪ ಗಾಬರಿಯಾಗಿ ಗಾಡಿಯನ್ನೇ ನಿಲ್ಲಿಸಿದ. "ಅಂಗಾದ್ರೆ ನಮ್ಮನೆ ವಿಷ್ಯ ಮಹಾರಾಜ್ರಿಗೂ ಗೊತ್ತಾಗೋಯ್ತಾ?" ಎಂದು ಕೇಳಿದ. ಊರು ಮುಟ್ಟುವ ತನಕ ಅವನಿಗೆ ಅದೇ ಚಿಂತೆ.

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಲೇ ಅಜ್ಜಿಗೆ ಎಲ್ಲ ಹೇಳಿಬಿಟ್ಟ. ಅಜ್ಜಿ ಅವ್ವನಿಗೆ ಬೆಳ್ಳುಳ್ಳಿ ಸಾರು ಕಾಯಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಎದ್ದು ಬಂದಳು.

"ಅಂಗಾದ್ರೆ ನಿಮ್ಮಪ್ಪ ಎಲ್ಲಿಗೆ ಹೋಗ್ಬೇಕ್ಲಾ?"

"ಅವ್ವ, ಇವ್ಳು ಸತ್ತೋಯ್ತಾಳೆ ಅಂದವ್ರೆ."

"ಅವ್ರು ಇಷ್ಟು ವರ್ಸದಿಂದ ಬಾಗ್ಲಾಚೆ ನಿಂತವ್ರಲ್ಲೋ! ಬಂದೋರ ಮುಖಕ್ಕೆ ಬಾಗ್ಲು ಹಾಕ್ತೀಯಾ? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ಹುಲ್ಲಿನ ಮಾತಲ್ಲ ಕಣವ್ವ, ಜೀವದ ಮಾತು."

"ಇವ್ಳೂ ಬೇಕು ಕಣೋ, ಅವ್ರೂ ಬೇಕು. ನಾನೇನು ಮಾಡ್ಲಿ?" ಎಂದು ಅಜ್ಜಿ ಸೌಟನ್ನು ಎದೆಗೆ ಒತ್ತಿಕೊಂಡು ಅತ್ತಳು. ಆಮೇಲೆ ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿ, ಅವ್ವನ ತಲೆ ಎತ್ತಿ ಹಿಡಿದು ಕುಡಿಸಿದಳು. ಅಜ್ಜಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಜಗಳ ಆಡಿ ಗೆಲ್ಲಬಹುದಿತ್ತು.

ಮಾತು ಮನೆಯಲ್ಲಿ ನಿಲ್ಲಲಿಲ್ಲ. ಬಸಿರು ತಡೆಯುವುದು ಧರ್ಮವೋ ಅಧರ್ಮವೋ ಎಂದು ನಮ್ಮ ಜಗಲಿಯ ಮೇಲೆ ಕೂತು ದಿನಾ ವಿಚಾರ ನಡೆಯಿತು. ದೊಡ್ಡೇರಿಯ ಮೇಷ್ಟ್ರೊಬ್ಬರು ಸಂತೆಗೆ ಹೋಗುವಾಗ ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಹೋಗುವ ರೂಢಿ. ಅವರು, "ಡಬ್ಬಿ ಗಿಬ್ಬಿ ಎಲ್ಲ ತಪ್ಪು. ಮನುಷ್ಯನಾದವನಿಗೆ ಸಂಯಮ ಒಂದೇ ದಾರಿ" ಎಂದರು. ಅವರ ಮನೆಯಲ್ಲಿ ಮಕ್ಕಳು ಊಟಕ್ಕೆ ಕೂತರೆ ಪಂಕ್ತಿ ಬಾಗಿಲು ದಾಟಿ ಬೀದಿಗೆ ಬರುತ್ತಿತ್ತು. ಅಪ್ಪ ಬಹಳ ವಿನಯದಿಂದ, "ಎಂಗೆ ಮಾಡ್ತೀರಿ ಸಾಮಿ ಅದನ್ನ?" ಎಂದು ಕೇಳಿದ. ಮೇಷ್ಟ್ರು ಮಜ್ಜಿಗೆ ಉಪ್ಪಾಯಿತು ಎಂದರು.

ಪೂಜೆ ಮಾಡುವ ಅಯ್ನೋರು ಬಂದು, ಬರುವ ಜೀವವನ್ನು ತಡೆಯುವುದು ಪಾಪ, ಇರುವ ಜೀವವನ್ನು ಕಳೆದುಕೊಳ್ಳುವುದೂ ಪಾಪ, ಎರಡರಲ್ಲಿ ಯಾವುದು ದೊಡ್ಡದು ಎಂದು ನೋಡಿ ಹೇಳುತ್ತೇನೆ ಎಂದು ಹೋದವರು ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ. ಆಗ ನಮ್ಮ ಹಸು ಗಬ್ಬವಾಗಿತ್ತು. ತಾತ 'ಇದೇ ಮನೆ' ಎಂದದ್ದರಲ್ಲಿ ಕೊಟ್ಟಿಗೆಯೂ ಸೇರುತ್ತದೆಯಲ್ಲ ಎಂದು ಯಾರೋ ಅಜ್ಜಿಯ ತಲೆಗೆ ತುಂಬಿದರು. ಅಜ್ಜಿ ಕೊಟ್ಟಿಗೆಯಲ್ಲೇ ಠಿಕಾಣಿ ಹಾಕಿದಳು. ಹುಟ್ಟಿದ್ದು ಹೆಣ್ಣುಗರು. ಅದನ್ನೂ ತಡವಿ ನೋಡಿ "ಇವ್ರಲ್ಲ" ಎಂದಳು. ನಾನು ಗಂಡನ ಮನೆಗೆ ಹೋಗಿ ಹೆತ್ತರೆ ನಡೆಯುವುದಿಲ್ಲವೇ ಎಂದು ಪಕ್ಕದ ಮನೆಯ ಅಕ್ಕ ಕೇಳಿದರೆ, ಅದು ಬೇರೆಯವರ ಮನೆ, ಆ ಮನೆಗೆ ಅವರದೇ ಮುದುಕರು ಸಾಲುಗಟ್ಟಿ ನಿಂತಿರುತ್ತಾರೆ ಎಂದಳು ಅಜ್ಜಿ.

ಎಲ್ಲರೂ ಮಾತಾಡಿದರು. ಅವ್ವ ಒಳಗೆ ಬಾಣಂತಿ ಕೋಣೆಯಲ್ಲಿ ಮಲಗಿ ಸೂರು ನೋಡುತ್ತಿದ್ದಳು. ನಿನಗೆ ಏನು ಬೇಕು ಎಂದು ಒಬ್ಬರಾದರೂ ಆ ಬಾಗಿಲಿಗೆ ಬಂದು ಕೇಳಲಿಲ್ಲ. ಹೊಟ್ಟೆ ಅವಳದು, ಸಾಯುವವಳು ಅವಳು; ಮಾತು ಮಾತ್ರ ಜಗಲಿಯದು. ಆ ದಿನಗಳಲ್ಲಿ ನನಗೆ ಜಗಲಿಯ ಮೇಲಿದ್ದವರೆಲ್ಲರ ತಲೆಗೆ ಒಂದೊಂದು ಬಿಂದಿಗೆ ಸಗಣಿನೀರು ಸುರಿಯಬೇಕು ಅನಿಸುತ್ತಿತ್ತು.

ಅವ್ವ ಎದ್ದು ಕೂರುವಷ್ಟಾದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಗೊತ್ತುಮಾಡಿದರು. ಅದರ ಹಿಂದಿನ ದಿನ ಮಧ್ಯಾಹ್ನ ಹಿತ್ತಿಲಲ್ಲಿ ಟಕ್ ಟಕ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಅವ್ವ ಒರಳಿನ ಗುಂಡನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ಒಂದು ಹಳೆಯ ಉಳಿಯಿಂದ ಕೆತ್ತುತ್ತಿದ್ದಳು. ಎರಡು ಪೆಟ್ಟು ಹಾಕುವುದು, ಗೋಡೆಗೆ ಒರಗಿ ಉಸಿರು ಬಿಡುವುದು, ಮತ್ತೆ ಎರಡು ಪೆಟ್ಟು. ಕಲ್ಲು ನುಣುಪಾದರೆ ಕುಟ್ಟಿಸುವುದುಂಟು, ಆದರೆ ಮೈಯೆಲ್ಲ ಕುಟ್ಟುತ್ತಾರೆ. ಅವ್ವ ಒಂದೇ ಜಾಗದಲ್ಲಿ ಗುಳಿ ತೆಗೆಯುತ್ತಿದ್ದಳು. ಮುಗಿದ ಮೇಲೆ ಹೊಸ ಕಲ್ಲಿನ ಬಿಳಿ ಕಾಣದಂತೆ ಎಣ್ಣೆ ಮಸಿ ಕಲೆಸಿ ಅದರೊಳಗೆ ತಿಕ್ಕಿದಳು. ನನ್ನನ್ನು ನೋಡಿ, "ನಾಳೆ ಇದಕ್ಕೆ ನೀನೇ ಕಣ್ಣು ಬರಿ. ಈ ಗುಳಿ ಕೆಳಕ್ಕೆ ಬರಿ. ಬಾಯಿ ಬಿಟ್ರೆ ನೋಡು" ಎಂದಳು.

ಈ ಗುಂಡಿನ ವಿಷಯ ಹೇಳಬೇಕು. ನಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಮೊದಲು ಕೂಸನ್ನು ಮಲಗಿಸುವುದಿಲ್ಲ. ರುಬ್ಬುವ ಗುಂಡನ್ನು ತೊಳೆದು, ಎಣ್ಣೆ ಹಚ್ಚಿ, ಕಾಡಿಗೆಯಲ್ಲಿ ಕಣ್ಣು ಬರೆದು, ಬಟ್ಟೆ ಸುತ್ತಿ, ಅದನ್ನು ಮೊದಲು ತೊಟ್ಟಿಲಲ್ಲಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಆಮೇಲೆ ಅದನ್ನು ತೆಗೆದು ಕೂಸನ್ನು ಹಾಕುತ್ತಾರೆ. ಗುಂಡು ತಿರುಗಿ ಒರಳಿಗೆ ಹೋಗುತ್ತದೆ, ಸಂಜೆಯ ಸಾರಿಗೆ ಅದರಲ್ಲೇ ಖಾರ ರುಬ್ಬುತ್ತಾರೆ.

ಮಾರನೆಯ ದಿನ ಹೆಂಗಸರು ಸೇರಿದರು. ಅಯ್ನೋರೂ ಬಂದಿದ್ದರು, ಊಟ ಇದ್ದ ಕಡೆ ಅವರಿಗೆ ಧರ್ಮಸಂಕಟ ಇರುತ್ತಿರಲಿಲ್ಲ. ನಾನು ಗುಳಿಯ ಕೆಳಗೆ ಕಣ್ಣು ಬರೆದೆ. ಗುಂಡನ್ನು ತೊಟ್ಟಿಲಿಗೆ ಇಳಿಸಿ ತೂಗಿದರು. ಪಕ್ಕದ ಮನೆಯ ಅಕ್ಕ ಅದನ್ನು ಎತ್ತಲು ಕೈ ಹಾಕಿದಾಗ ಮಣೆಯ ಮೇಲೆ ಕೂತಿದ್ದ ಅವ್ವ, "ಇರು" ಎಂದಳು. ನಾಲ್ಕು ಜನರ ಮುಂದೆ ಅವ್ವ ಬಾಯಿ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ.

"ಅತ್ತೆ, ಪ್ರತಿ ಸಲಾನೂ ತೊಟ್ಲಿಗೆ ಮೊದ್ಲು ಬರೋರು ಯಾರು?"

"ಇದ್ಯಾಕಮ್ಮ ಇಂಗೆ ಕೇಳ್ತೀಯಾ? ಗುಂಡು."

"ಮೊದ್ಲು ಬಂದೋರ್ನ ಎತ್ತಿ ಹಿತ್ಲಿಗೆ ಹಾಕ್ತೀವಿ. ಆಮೇಲೆ ಬಂದೋರ್ನ ಮುದ್ದಾಡ್ತೀವಿ. ಮಾವ ಕೊಟ್ಟ ಮಾತಿಗೆ ತಪ್ಪೋರಲ್ಲ ಅಂತ ನೀವೇ ಅಂತೀರಿ. ಅಂಗಾದ್ರೆ ಅವ್ರು ಮೊದಲ್ನೇ ಸಲಾನೇ ಬಂದಿರ್ಬೇಕು. ಪ್ರತಿ ಸಲಾನೂ ಬಂದವ್ರೆ. ನಾವೇ ಗೊತ್ತಾಗ್ದೆ ಅವ್ರ ಮೈಯಾಗೆ ಖಾರ ಅರೆದ್ಬುಟ್ಟಿದ್ದೀವಿ."

ತೊಟ್ಟಿಲು ನಿಂತಿತು. ಯಾರೋ "ಶಿವಾ" ಎಂದರು. ಅಷ್ಟು ವರ್ಷ ನಮ್ಮ ಮನೆ ಚಟ್ನಿ ತಿಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಜ್ಜಿ ಹತ್ತಿರ ಬಂದಳು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು, ಕೈಯಿಂದಲೇ ನೋಡುತ್ತಿದ್ದಳು. ಗುಂಡಿನ ಮೈಯನ್ನು ಕೂಸಿನ ಮೈ ತಡವಿದ ಹಾಗೇ ತಡವಿದಳು. ಹೆಬ್ಬೆರಳು ಗುಳಿಗೆ ಬಂತು, ಬಂದು ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಮುಖ ಎತ್ತಿ ಅವ್ವನ ಕಡೆ ನೋಡಿದಳು. ಅವ್ವ ಬೆವೆತಿದ್ದಳು, ಮೈಯಲ್ಲಿ ರಕ್ತವಿಲ್ಲದೆ ಹತ್ತಿಯ ಹಾಗೆ ಬೆಳ್ಳಗಿದ್ದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಏನೋ ಹೇಳಲು ಬಾಯಿ ತೆಗೆದ. ಅವ್ವ ಅವನನ್ನು ಒಂದು ನೋಟ ನೋಡಿದಳು. ಅಪ್ಪ ಬಾಯಿ ಮುಚ್ಚಿಕೊಂಡು ಎತ್ತಿಗೆ ನೀರು ತೋರಿಸಲು ಹೋದ.

"ಅವ್ರೇ" ಎಂದಳು ಅಜ್ಜಿ. "ಅವ್ರೇ ಕಣಮ್ಮ! ಎತ್ತು ಹಾಯ್ದ ಗುಳಿ ಇಲ್ಲೇ ಐತೆ!" ಎಂದು ಗುಂಡನ್ನು ಎದೆಗೆ ಅವುಚಿಕೊಂಡು ಗೋಳೋ ಎಂದು ಅತ್ತಳು. ಹೆಂಗಸರೆಲ್ಲ ಅತ್ತರು. ಅಷ್ಟು ಜನ ಅಳುವುದನ್ನು ನೋಡಿ ನಾನೂ ಅತ್ತೆ.

ಹೆಸರಿಡುವ ಹೊತ್ತಿಗೆ ಅಯ್ನೋರನ್ನು ಕೇಳಿದರು, ಕಲ್ಲಿಗೆ ಹೆಸರಿಡಬಹುದೇ ಅಂತ. "ಕಲ್ಲಿಗೆ ಜೀವ ತುಂಬೋದೇ ಅಲ್ವೇನ್ರಮ್ಮ ನಮ್ಮ ಕಸುಬು?" ಎಂದು ಅವರು ತಯಾರಾದರು. ಆದರೆ ಕಿವಿ ಎಲ್ಲಿ? ಕಣ್ಣಿನ ಪಕ್ಕ ಎಂದರು ಕೆಲವರು; ಹಿಂದೆ ಸರಿಸಿ ಎಂದರು ಕೆಲವರು. ಕೊನೆಗೆ ಅಯ್ನೋರು ಅನುಮಾನಕ್ಕೆ ಎಡೆ ಬೇಡವೆಂದು ಸುತ್ತಲೂ ಬಗ್ಗಿ ಬಗ್ಗಿ ತಾತನ ಹೆಸರು ಉಸುರಿದರು. ಈ ಗದ್ದಲದಲ್ಲಿ ನನ್ನ ಕಡೆಯ ತಂಗಿಗೆ ಹೆಸರಿಡುವುದನ್ನೇ ಮರೆತರು. ಊಟವಾದ ಮೇಲೆ ಅವಳು ಅತ್ತು ನೆನಪಿಸಿದಳು.

ಅಂದು ಸಂಜೆ ಅಜ್ಜಿ ಹೊಸಿಲ ಹೊರಗೆ ನೀರಿಡಲಿಲ್ಲ. ಚೊಂಬನ್ನು ಒಳಗೆ ತಂದು ಗುಂಡಿನ ಹತ್ತಿರ ಇಟ್ಟಳು. ಅವ್ವನನ್ನು ಕರೆದು, "ಬರೋರು ಬಂದಾಯ್ತಲ್ಲ ಕಣಮ್ಮ. ಇನ್ನು ಬಾಗ್ಲು ಹಾಕು" ಎಂದಳು. ಡಬ್ಬಿಯ ಬಗ್ಗೆ ಆ ಮನೆಯಲ್ಲಿ ಆಮೇಲೆ ಒಂದು ಮಾತೂ ಬರಲಿಲ್ಲ. ಬೀದಿನಾಯಿ ಮಾತ್ರ ಕೆಲವು ದಿನ ಬಂದು ಬಂದು ನೋಡಿ ಹೋಯಿತು.

ಮೊದಲನೆಯ ತೊಂದರೆ ಬಂದದ್ದು ಮಾರನೆಯ ಬೆಳಿಗ್ಗೆ, ಚಟ್ನಿಗೆ. ಒರಳು ಇತ್ತು, ಗುಂಡು ಇರಲಿಲ್ಲ. ಗುಂಡು ತೊಟ್ಟಿಲಲ್ಲಿ ಮಲಗಿತ್ತು. ಪಕ್ಕದ ಮನೆಗೆ ಕೇಳಲು ಹೋದರೆ ಆ ಅಕ್ಕ, "ನಿಮ್ಮ ತಾತನ್ನೇ ಒಂದು ಗಳಿಗೆ ಎದ್ದು ಬರಾಕೆ ಹೇಳೇ" ಎಂದು ನಕ್ಕಳು. ಹೊಸ ಗುಂಡು ಕೆತ್ತಿಸಿ ತರುವ ತನಕ ನಾವು ಮುದ್ದೆಗೆ ಉಪ್ಪು, ಹಸಿಮೆಣಸಿನಕಾಯಿ ನಂಚಿಕೊಂಡೆವು.

ಅವ್ವನ ಪಾಡು ಇನ್ನೂ ವಿಚಿತ್ರ. ಮಾವನವರ ಎದುರು ಸೊಸೆ ತಲೆಯ ಮೇಲೆ ಸೆರಗಿಲ್ಲದೆ ನಿಲ್ಲಬಾರದು. ಆದರೆ ಇವರು ಅವಳ ಕೂಸು ಕೂಡ, ಎಣ್ಣೆ ಹಚ್ಚಿ ನೀರು ಹಾಕಬೇಕು. ಅವ್ವ ತಲೆ ತುಂಬ ಸೆರಗು ಹೊದ್ದು, ಮುಖ ಬೇರೆ ಕಡೆ ತಿರುಗಿಸಿ, ಕಾಲ ಮೇಲೆ ಮಾವನವರನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಅಜ್ಜಿ ಮಾತ್ರ ಹಾಯಾಗಿದ್ದಳು. ಒಂದು ಹೊತ್ತು "ಏನೂಂದ್ರೆ" ಎಂದು ಗಂಡನನ್ನು ಮಾತಾಡಿಸಿದ ಹಾಗೆ ಮಾತಾಡಿಸುವಳು, ಇನ್ನೊಂದು ಹೊತ್ತು "ಏನ್ಲಾ ಮಗಾ" ಎಂದು ಮೊಮ್ಮಗನಿಗೆ ಲಾಲಿ ಹೇಳುವಳು. ಹಳೆಯ ಜಗಳಗಳನ್ನೆಲ್ಲ ತೆಗೆದು ಆಡಿದಳು. ಈ ಸಲ ಎಲ್ಲವನ್ನೂ ಅವಳೇ ಗೆದ್ದಳು. ವರ್ಷವಾದರೂ ಬೆಳೆಯಲಿಲ್ಲವಲ್ಲ ಎಂದು ಯಾರಾದರೂ ಅಂದರೆ, "ಅವ್ರು ಮೊದ್ಲಿಂದ್ಲೂ ಸೋಮಾರಿ" ಎನ್ನುತ್ತಿದ್ದಳು.

ಒಂದು ಸಲ ಮಕ್ಕಳಿಗೆ ದೇವಿ ಹಾಕುವವನು ಬಂದ. ಸಿಡುಬು ಬಾರದಿರಲೆಂದು ತೋಳಿಗೆ ಗೀರಿ ಔಷಧಿ ಹಾಕುವ ಸರ್ಕಾರಿ ನೌಕರ, ಶಿರಾದ ಸಾಬರು. ಕಡೆಯ ತಂಗಿಗೆ ಗೀರಿ ಎದ್ದು ಹೊರಟಾಗ ಅಜ್ಜಿ ಗುಂಡನ್ನು ಎತ್ತಿಕೊಂಡು ಬಂದು ಎದುರಿಗೆ ಹಿಡಿದಳು. ಅವರು ಗುಂಡನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಸೆರಗು ಹೊದ್ದು ಗೋಡೆಗೆ ತಿರುಗಿ ನಿಂತ ಅವ್ವನನ್ನು ನೋಡಿದರು. "ಇವ್ರಿಗೆ ಜರೂರತ್ ಇಲ್ಲ ಅಮ್ಮಾ, ಬಹುತ್ ಮಜಬೂತು" ಎಂದು ಸಲಾಮು ಮಾಡಿ ಹೋದರು. ಅಜ್ಜಿಗೆ ಆ ಸಾಬರ ಮೇಲೆ ಕಡೆಯ ತನಕ ಗೌರವವಿತ್ತು.

ಇಷ್ಟರಲ್ಲಿ ಊರಿನ ಹೆಂಗಸರಿಗೆ ಒಂದು ವಿಷಯ ಕಾಣತೊಡಗಿತು. ವರ್ಷ ಕಳೆದರೂ, ಎರಡು ಕಳೆದರೂ ಅವ್ವ ಬಸಿರಾಗಲಿಲ್ಲ. ಗುಂಡಿನ ಮಹಿಮೆ ಎಂದರು. ಹೆತ್ತು ಹೆತ್ತು ಸಾಕಾಗಿದ್ದ ಪಕ್ಕದ ಮನೆಯ ಅಕ್ಕ ತಾನೂ ಒಂದು ಗುಂಡಿಗೆ ತೊಟ್ಟಿಲು ಕಟ್ಟಿ, ಹೆಸರಿಟ್ಟು, ಊಟ ಹಾಕಿಸಿದಳು. ಮಾರನೆಯ ವರ್ಷ ಅವಳಿಗೆ ಅವಳಿ ಜವಳಿ ಹುಟ್ಟಿದವು. ಬಾಣಂತನ ಮುಗಿಯುತ್ತಲೇ ಎರಡನ್ನೂ ಎರಡು ಕಂಕುಳಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಜಗಳಕ್ಕೆ ಬಂದಳು. "ನಿಮ್ಮ ಗುಂಡು ಸುಳ್ಳು ಕಣ್ರೇ! ಒಂದು ಕಲ್ಲು ಮಲಗ್ಸಿದ್ರೆ ಎರಡು ಬಂದ್ವಲ್ಲ!" ಎಂದು ಕೂಗತೊಡಗಿದಳು. ಅಜ್ಜಿ ಒಳಗಿನಿಂದಲೇ, "ನಿಮ್ಮನೇಲಿ ಇಬ್ರು ಕಾಯ್ತಾ ಇದ್ರೇನೋ ಬುಡಮ್ಮ" ಎಂದಳು.

 ಮುಂದಿನ ಸೋಮವಾರ ಅವ್ವ, ಮಧುಗಿರಿಯಲ್ಲಿ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆಂದು ಹೇಳಿ, ಆ ಅಕ್ಕನನ್ನು ನಮ್ಮ ಗಾಡಿಯಲ್ಲಿ ಕರೆದುಕೊಂಡು ಹೋದಳು. ಆ ಮೇಲೆ ಇನ್ನೂ ಕೆಲವರು ಹಾಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಎಲ್ಲರೂ ಬಂದ ಮೇಲೆ ಶಾಸ್ತ್ರೋಕ್ತವಾಗಿ ಒಂದೊಂದು ಗುಂಡಿಗೆ ತೊಟ್ಟಿಲು ಕಟ್ಟಿದರು. ಕೆಲಸ ಮಾಡುವುದು ಡಬ್ಬಿ, ಹೆಸರು ತಗೊಳ್ಳುವುದು ಗುಂಡು. ಹಳೆಯ ಡಬ್ಬಿ ಕೆಟ್ಟಾಗ ಹೊಸದನ್ನು ತರಬೇಕಾದ ಅಪ್ಪ ಉರಿಬಿಸಿಲಲ್ಲೂ ತಲೆ ಮೇಲೆ ಕಂಬಳಿ ಹೊದ್ದು ಆಸ್ಪತ್ರೆಗೆ ಹೋಗುತ್ತಿದ್ದ. ಅವನ ಪ್ರಕಾರ ಹಾಗೆ ಹೋದರೆ ಮಹಾರಾಜರಿಗೆ ಗುರುತು ಸಿಗುವುದಿಲ್ಲ.

ನನಗೆ ಕೊರಟಗೆರೆಗೆ ಮದುವೆಯಾಯಿತು. ಹೊರಡುವ ದಿನ ಹಿರಿಯರಿಗೆಲ್ಲ ನಮಸ್ಕಾರ ಮಾಡಿ, ಗುಂಡಿಗೂ ಮಾಡಿದೆ. ತಮ್ಮನಾದರೆ ಕಾಲಿಗೆ ಬೀಳುವಂತಿಲ್ಲ, ತಾತನಾದರೆ ಬೀಳದಿರುವಂತಿಲ್ಲ ಎಂದು ಸ್ವಲ್ಪ ಬಗ್ಗಿ ಎದ್ದೆ. ನನ್ನ ಗಂಡ ಅದೇನೆಂದು ಕೇಳಿದರು. ಹೇಳಲು ದಾರಿ ಸಾಲಲಿಲ್ಲ.

ಅಜ್ಜಿ ಹಾಸಿಗೆ ಹಿಡಿದಳು ಎಂದು ಸುದ್ದಿ ಬಂದು ನಾನು ಹೋದಾಗ ನನ್ನದೇ ಮಕ್ಕಳು ಓಡಾಡುತ್ತಿದ್ದವು. ಎಲ್ಲಿ ನೋಡಿದರೂ ಮಹಾರಾಜರ ಆಳ್ವಿಕೆ ಇನ್ನೆಷ್ಟು ದಿನವೋ ಎನ್ನುವ ಮಾತು. ನಮ್ಮ ಮನೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಅಜ್ಜಿಯ ತಲೆದೆಸೆಯಲ್ಲಿ ಗುಂಡು, ಅದರ ಪಕ್ಕದಲ್ಲಿ ಚೊಂಬು ನೀರು. ಅವ್ವ ತಲೆ ಸ್ವಲ್ಪ ನರೆತು, ಮೈ ತುಂಬಿಕೊಂಡು, ಇನ್ನೂ ಆ ಕಲ್ಲಿನ ಮುಂದೆ ಸೆರಗು ಹೊದ್ದೇ ಓಡಾಡುತ್ತಿದ್ದಳು. ಅವಳು ಹಾಗೆ ಓಡಾಡುವುದನ್ನು ನೋಡಿ ನನಗೆ ಹೇಳಲಾರದ ಸಂತೋಷವಾಯಿತು. ಓಡಾಡುತ್ತಿದ್ದಾಳಲ್ಲ, ಅಷ್ಟು ಸಾಕು ಅನಿಸಿತು.

ಮಧ್ಯಾಹ್ನ ಅವ್ವ ಅಜ್ಜಿಗೆ ಗಂಜಿ ಕುಡಿಸುತ್ತಿದ್ದಳು. ನಾನು ಕಾಲೊತ್ತುತ್ತಿದ್ದೆ. ಅಜ್ಜಿ ಗಂಜಿ ಸಾಕು ಎಂದು ಮುಖ ತಿರುಗಿಸಿ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ" ಎಂದಳು.

"ಹೇಳಿ ಅತ್ತೆ."

"ನಿಮ್ಮಾವನಿಗೆ ಎತ್ತು ಹಾಯ್ದಿದ್ದು ತೊಡೆಗೆ ಕಣಮ್ಮ. ಹಣೇಲಿ ಏನೂ ಇರ್ಲಿಲ್ಲ."

ಅವ್ವನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಮಾವನವರ ಮುಖವನ್ನು ತಲೆಯೆತ್ತಿ ನೋಡಿದವಳೇ ಅಲ್ಲ ಅವಳು. ಎತ್ತು ಹಾಯ್ದ ಗುಳಿ ಎಂದರೆ ಹಣೆಯಲ್ಲೇ ಇರಬೇಕು ಎಂದುಕೊಂಡು, ಅರ್ಧ ಜೀವದಲ್ಲಿ ಕೂತು ಕೆತ್ತಿದ್ದಳು. ಅವತ್ತು ಅಪ್ಪ ಬಾಗಿಲಲ್ಲಿ ಬಾಯಿ ತೆಗೆದು ಮುಚ್ಚಿಕೊಂಡದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

"ಗೊತ್ತಿದ್ದೂ ಯಾಕೆ ಸುಮ್ಕಿದ್ರಿ ಅತ್ತೆ?" ಎಂದಳು ಅವ್ವ. 

"ಕೈಗೆ ಮಸಿ ಅಂಟ್ತು. ಹೊಸಾ ಪೆಟ್ಟು ಅಂತ ಗೊತ್ತಾಯ್ತು. ಆ ಮೈಯಾಗೆ ಎದ್ದು ಕೂತು ಕಲ್ಲು ಕೆತ್ತವ್ಳೆ ಅಂದ್ರೆ ಎಷ್ಟು ಹೆದರ್ಕೊಂಡಿದ್ಯೋ ಅಂದ್ಕಂಡೆ." ಅಜ್ಜಿ ಉಸಿರು ತೆಗೆದುಕೊಂಡಳು. "ಅವ್ರು ಹೋಗ್ಬುಟ್ಟಿದ್ರು ಕಣಮ್ಮ. ನೀನು ಇದ್ದೆ."

ಅವ್ವ ಬಟ್ಟಲು ಕೆಳಗಿಟ್ಟು ಅಜ್ಜಿಯ ಹಾಸಿಗೆಗೆ ತಲೆ ಒತ್ತಿ ಅತ್ತಳು. ಅಜ್ಜಿ ಅವಳ ಬೆನ್ನು ಸವರಿದಳು. ಸವರುತ್ತಾ ಸವರುತ್ತಾ, "ಅಳೋದು ಸಾಕು, ಏಳು. ಹುಚ್ಚೆಳ್ಳು ಚಟ್ನಿ ತಿನ್ಬೇಕು ಅನ್ನಿಸ್ತೈತೆ. ಹೊಸಾ ಕಲ್ಲಾಗೆ ಬ್ಯಾಡ, ಅದ್ರಾಗೆ ರುಚಿ ಇಲ್ಲ. ಇದ್ರಾಗೆ ರುಬ್ಬು" ಎಂದು ಗುಂಡನ್ನು ತೋರಿಸಿದಳು.

ಅವ್ವ ಕಣ್ಣೊರೆಸಿಕೊಂಡು ಗುಂಡನ್ನು ಹಿತ್ತಿಲಿಗೆ ತೆಗೆದುಕೊಂಡು ಹೋಗಿ, ಎಣ್ಣೆ ಹೋಗುವಂತೆ ಬೂದಿ ಹಾಕಿ ತಿಕ್ಕಿ ತೊಳೆದಳು. ನಾನು ಹುಚ್ಚೆಳ್ಳು ಹುರಿದು ಕೊಟ್ಟೆ. ಅವ್ವ ಒರಳ ಮುಂದೆ ಕೂತು ರುಬ್ಬತೊಡಗಿದಳು. ತಲೆಯ ಮೇಲಿನ ಸೆರಗು ಜಾರಿತು. ಅವಳು ರುಬ್ಬುವುದನ್ನು ನಿಲ್ಲಿಸಿ, ಎಡಗೈಯಿಂದ ಸೆರಗನ್ನು ಮತ್ತೆ ತಲೆ ತುಂಬ ಎಳೆದುಕೊಂಡು, ಮುಖ ಸ್ವಲ್ಪ ಬೇರೆ ಕಡೆ ತಿರುಗಿಸಿ, ಮತ್ತೆ ರುಬ್ಬಿದಳು.